ದತ್ತು ತೆಗೆದುಕೊಳ್ಳುವ ಎಂದು ಮನಸ್ಸಾಗಿದೆ, ಎಲ್ಲಿಂದ ಶುರು ಮಾಡುವುದು?

ಪ್ರಶ್ನೆ: ಅಕ್ಕಾ, ನಮ್ಮದು ಕೇರಳದ ಕಾಸರಗೋಡು ಜಿಲ್ಲೆ, ಮುಳ್ಳೇರಿಯದ ಹತ್ತಿರ. ಸ್ವಲ್ಪ ಅಡಿಕೆ ತೋಟ ಇದೆ, ನಾನು ಸೊಸೈಟಿಯಲ್ಲಿ ಕೆಲಸ ಮಾಡುತ್ತೇನೆ. ನನಗೆ 38, ಅವರಿಗೆ 45. ಮದುವೆಯಾಗಿ ಹನ್ನೆರಡು ವರ್ಷ ಆಯಿತು. ಮಂಗಳೂರಿನಲ್ಲಿ ಮೂರು ಸಲ ಐವಿಎಫ್ ಮಾಡಿಸಿದೆವು, ನಿಲ್ಲಲಿಲ್ಲ. ಒಂದು ಮಗುವನ್ನು ದತ್ತು ತೆಗೆದುಕೊಳ್ಳುವ ಎಂದು ಈಗ ಇಬ್ಬರಿಗೂ ಮನಸ್ಸಾಗಿದೆ. ಆದರೆ ಯಾರನ್ನು ಕೇಳುವುದು ಅಂತಲೇ ಗೊತ್ತಿಲ್ಲ. ವೆಬ್‌ಸೈಟ್ ನೋಡಿದರೆ ಇಂಗ್ಲಿಷ್, ಆಫೀಸಿನ ಕಾಗದ ಮಲಯಾಳ. ಅತ್ತೆ, 'ಯಾರ ಮಗುವೋ ಏನೋ, ಬೇಕಾದರೆ ಮೈದುನನ ಎರಡನೆಯದನ್ನು ಸಾಕಿಕೊಳ್ಳಿ' ಅನ್ನುತ್ತಾರೆ. ಪರಿಚಯದವರೊಬ್ಬರು, ಒಂದು ಆಸ್ಪತ್ರೆಯ ನರ್ಸಿನ ಮೂಲಕ ಎಳೆ ಮಗುವೇ ಸಿಗುತ್ತದೆ, ಮೂರು ಲಕ್ಷ ಆಗಬಹುದು ಅಂದರು. ನಮಗೆ ಧೈರ್ಯ ಸಾಲುತ್ತಿಲ್ಲ. ದಾರಿ ತೋರಿಸುತ್ತೀರಾ?

ಉತ್ತರ: ತಂಗಿ, ಮೊದಲು ಆ ನರ್ಸಿನ ಮಾತು ಮುಗಿಸೋಣ. ಉಳಿದದ್ದು ಆಮೇಲೆ.

ಆ ಕಡೆ ಹೋಗಲೇಬೇಡಿ. ಸುಮ್ನೆ ಒಮ್ಮೆ ವಿಚಾರಿಸಿ ನೋಡುವ ಎಂದೂ ಹೋಗಬೇಡಿ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮಗುವನ್ನು ಮಾರುವುದು, ಕೊಳ್ಳುವುದು ಎರಡೂ ಅಪರಾಧ. ಐದು ವರ್ಷದವರೆಗೆ ಜೈಲು, ಒಂದು ಲಕ್ಷ ದಂಡ. ಆಸ್ಪತ್ರೆಯ ಸಿಬ್ಬಂದಿಯೇ ಇದನ್ನು ಮಾಡಿದರೆ ಅವರಿಗೆ ಮೂರರಿಂದ ಏಳು ವರ್ಷ. ದುಡ್ಡು ಕೊಡದೆ, ಬರೀ ಕರುಣೆಯಿಂದ ತಂದಿಟ್ಟುಕೊಂಡರೂ ತಪ್ಪಿದ್ದಲ್ಲ. ಅನಾಥ ಮಗುವನ್ನು ಕಾನೂನಿನ ದಾರಿ ಬಿಟ್ಟು ದತ್ತು ತೆಗೆದುಕೊಂಡರೆ ಮೂರು ವರ್ಷದವರೆಗೆ ಶಿಕ್ಷೆ, ಅಥವಾ ಲಕ್ಷ ದಂಡ, ಅಥವಾ ಎರಡೂ.

ನನಗೆ ಜೈಲಿಗಿಂತ ಜಾಸ್ತಿ ಹೆದರಿಕೆ ಇನ್ನೊಂದರದ್ದು. ಒಂದೂವರೆ ವರ್ಷ ಆಗಿ, ಮಗು ನಿಮ್ಮನ್ನು ಅಮ್ಮ ಎಂದು ಕರೆಯಲು ಶುರು ಮಾಡಿದ ಮೇಲೆ ಯಾರೋ ಒಬ್ಬರು ದೂರು ಕೊಡುತ್ತಾರೆ. ಆಗ ಮಗುವನ್ನು ಕರೆದುಕೊಂಡು ಹೋಗುತ್ತಾರೆ. ಅಂಥ ಒಂದು ಮನೆಗೆ ನಾನು ಹೋಗಿದ್ದೆ. ಚಾವಡಿಯಲ್ಲಿ ತೊಟ್ಟಿಲು ಹಾಗೇ ತೂಗಾಡುತ್ತಿತ್ತು. ಒಳಗೆ ಒಂದು ಮಡಿಸಿದ ಸೀರೆ, ಒಂದು ಗಿಲಕಿ. ಅದನ್ನು ಇಳಿಸಲು ಆ ತಾಯಿ ಬಿಡುತ್ತಿರಲಿಲ್ಲ, ಅದರ ಕಡೆ ನೋಡಲೂ ಆಕೆಗೆ ಆಗುತ್ತಿರಲಿಲ್ಲ. ನಾವು ಮಾತಾಡಿದ ಅಷ್ಟೂ ಹೊತ್ತು ಆಕೆ ತೊಟ್ಟಿಲಿಗೆ ಬೆನ್ನು ಹಾಕಿ ಕೂತಿದ್ದರು.

ಹೆತ್ತವಳ ಮಾತೂ ಇದೆ. ಮಗುವನ್ನು ಒಪ್ಪಿಸಿದ ತಾಯಿಗೆ ಮನಸ್ಸು ಬದಲಿಸಲು ಕಾನೂನು ಅರವತ್ತು ದಿನ ಕೊಡುತ್ತದೆ. ಆ ದಿನಗಳಲ್ಲಿ ಬಂದು, ನನ್ನ ಮಗು ನನಗೆ ಬೇಕು ಅಂದರೆ ಕೊಡಬೇಕು. ಕಳ್ಳದಾರಿಯಲ್ಲಿ ಆಕೆಯನ್ನು ಕೇಳುವವರೇ ಇರುವುದಿಲ್ಲ. ಆಕೆಗೆ ಹದಿನೇಳೋ ಹದಿನೆಂಟೋ ವರ್ಷ ಇರಬಹುದು. ಯಾರೋ ಹೆದರಿಸಿ ಸಹಿ ಹಾಕಿಸಿರಬಹುದು. ಅಂಥ ಕಣ್ಣೀರಿನ ಮೇಲೆ ನಿಮ್ಮ ಮನೆ ಕಟ್ಟುವುದು ಬೇಡ.

ಹಾಗಾದರೆ ಸರಿಯಾದ ದಾರಿಯಲ್ಲಿ ಮಗು ಬರುವುದು ಎಲ್ಲಿಂದ? ಕೇರಳದಲ್ಲಿ 'ಅಮ್ಮತ್ತೊಟ್ಟಿಲ್' ಎಂದು ಇರುವುದನ್ನು ನೀವು ಕೇಳಿರುತ್ತೀರಿ. 2002ರಲ್ಲಿ ತಿರುವನಂತಪುರದಲ್ಲಿ ಶುರುವಾದದ್ದು, ನಡೆಸುವುದು ರಾಜ್ಯ ಶಿಶುಕ್ಷೇಮ ಸಮಿತಿ. ಸಾಕಲು ಆಗದವರು ಮಗುವನ್ನು ಅಲ್ಲಿ ಮಲಗಿಸಿ ಹೋಗಬಹುದು, ಹೆಸರು ಹೇಳಬೇಕಾಗಿಲ್ಲ. ಹಾಗೆ ಸಿಕ್ಕಿದ ಮಗುವಾಗಲಿ, ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದಾಗಲಿ, ತಾಯಿಯೇ ಒಪ್ಪಿಸಿದ್ದಾಗಲಿ, ಎಲ್ಲವೂ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬರಬೇಕು. ಸಮಿತಿ ಹೆತ್ತವರನ್ನು ಹುಡುಕಿಸುತ್ತದೆ. ಎರಡು ವರ್ಷದ ಒಳಗಿನ ಮಗುವಾದರೆ ಎರಡು ತಿಂಗಳು, ದೊಡ್ಡದಾದರೆ ನಾಲ್ಕು ತಿಂಗಳು. ಯಾರೂ ಸಿಗದಿದ್ದರೆ, ಈ ಮಗುವನ್ನು ದತ್ತು ಕೊಡಬಹುದು ಎಂದು ಆದೇಶ ಮಾಡುತ್ತದೆ. ಅಲ್ಲಿಂದ ಮಗುವಿನ ಹೆಸರು ಇಡೀ ದೇಶಕ್ಕೆ ಒಂದೇ ಆಗಿರುವ ಪಟ್ಟಿಗೆ ಹೋಗುತ್ತದೆ. ನಮ್ಮ ಊರಿನ ತೊಟ್ಟಿಲಲ್ಲಿ ಸಿಕ್ಕಿದ ಮಗು ನಮ್ಮ ಊರಿನವರಿಗೇ ಬರುತ್ತದೆ ಎಂದಿಲ್ಲ. ಯಾರ ಸರದಿಯೋ ಅವರಿಗೆ. ದಾರಿಯಲ್ಲಿ ಬಿಟ್ಟುಹೋದ ಮಗು ನಿಮ್ಮ ಕಣ್ಣಿಗೇ ಬಿದ್ದರೂ ಅಷ್ಟೇ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬೇಕು, 24 ಗಂಟೆಯ ಒಳಗೆ ತಿಳಿಸಬೇಕು. ಎತ್ತಿಕೊಂಡು ಮನೆಗೆ ಬರುವಂತಿಲ್ಲ.

ಇನ್ನು ನಿಮ್ಮ ಪ್ರಶ್ನೆ.

ಆ ಪಟ್ಟಿಯನ್ನು ನಡೆಸುವುದು ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರ. ಎಲ್ಲರೂ 'ಕಾರಾ' ಅನ್ನುತ್ತಾರೆ. ಅದರ 'ಕೇರಿಂಗ್ಸ್' ಎಂಬ ಪೋರ್ಟಲ್‌ನಲ್ಲಿ ನೀವೇ ಹೆಸರು ಬರೆಸಬೇಕು. ಏಜೆಂಟ್ ಬೇಡ, ಪರಿಚಯ ಬೇಡ, ಶಿಫಾರಸು ಬೇಡ. ನಿಮ್ಮ ವಿಷಯದಲ್ಲಿ ನನಗೆ ಅರ್ಜೆಂಟ್ ಅನ್ನಿಸುವುದು ಒಂದೇ, ಅದು ವಯಸ್ಸಿನ ಲೆಕ್ಕ. ಗಂಡ ಹೆಂಡತಿ ಇಬ್ಬರ ವಯಸ್ಸನ್ನು ಕೂಡಿಸುತ್ತಾರೆ. ಎರಡು ವರ್ಷದ ಒಳಗಿನ ಮಗು ಬೇಕಾದರೆ ಮೊತ್ತ 85 ದಾಟಬಾರದು. ಎರಡರಿಂದ ನಾಲ್ಕು ವರ್ಷದ ಮಗುವಿಗೆ 90, ನಾಲ್ಕರಿಂದ ಎಂಟಕ್ಕೆ 100, ಅದಕ್ಕಿಂತ ದೊಡ್ಡದಕ್ಕೆ 110. ನಿಮ್ಮಿಬ್ಬರದು ಈಗ 83. ಒಂದು ವರ್ಷ ಹೋದರೆ 85, ಇನ್ನೊಂದು ಹೋದರೆ 87. ಲೆಕ್ಕಕ್ಕೆ ಹಿಡಿಯುವುದು ನೋಂದಣಿಯ ದಿನದ ವಯಸ್ಸನ್ನು. ಹಾಗಾಗಿ ಅತ್ತೆ ಒಪ್ಪಲಿ, ಮಳೆಗಾಲ ಕಳೆಯಲಿ, ಅಡಿಕೆ ಕೊಯ್ಲು ಮುಗಿಯಲಿ ಎಂದು ಕಾಯಬೇಡಿ. ಹೆಸರು ಬರೆಸಿಡಿ. ಮನಸ್ಸು ಬದಲಾದರೆ ಆಮೇಲೂ ಬಿಡಬಹುದು, ಆದರೆ ಕಳೆದ ಸರದಿ ವಾಪಸ್ ಬರುವುದಿಲ್ಲ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ ಸಾಲು ತುಂಬ ಉದ್ದ ಇದೆ. 2024-25ರಲ್ಲಿ ದೇಶದಲ್ಲಿ ಆದ ದತ್ತು 4,515. ಹೆಸರು ಬರೆಸಿ ಕಾಯುತ್ತಿರುವ ಅಪ್ಪ ಅಮ್ಮಂದಿರು 30 ಸಾವಿರಕ್ಕೂ ಜಾಸ್ತಿ. ಆರೋಗ್ಯವಾಗಿರುವ ಎಳೆ ಮಗು ಬೇಕೆಂದರೆ ಮೂರು ಮೂರೂವರೆ ವರ್ಷ ಕಾಯಲು ತಯಾರಾಗಿ.

ಕಾಗದಪತ್ರ ಮೊದಲು ಕೂಡಿಸಿ, ಆಮೇಲೆ ನೋಂದಣಿಗೆ ಕೂತುಕೊಳ್ಳಿ. ಹೆಸರು ಬರೆಸಿದ ಮೂವತ್ತು ದಿನದ ಒಳಗೆ ಎಲ್ಲವನ್ನೂ ಅಪ್‌ಲೋಡ್ ಮಾಡಬೇಕು. ನಿಮ್ಮಿಬ್ಬರ ಫೋಟೋ, ಪಾನ್ ಕಾರ್ಡ್, ಹುಟ್ಟಿದ ದಿನದ ದಾಖಲೆ, ವಿಳಾಸದ ದಾಖಲೆ, ಮದುವೆ ಸರ್ಟಿಫಿಕೇಟ್, ಕಳೆದ ವರ್ಷದ ಆದಾಯದ ದಾಖಲೆ, ದೊಡ್ಡ ಕಾಯಿಲೆ ಅಥವಾ ಅಂಟುರೋಗ ಇಲ್ಲವೆಂದು ಡಾಕ್ಟರ ಪತ್ರ, ನಿಮ್ಮನ್ನು ಬಲ್ಲ ಇಬ್ಬರ ಪತ್ರ. ಕೇಳಲು ಇಷ್ಟೇ. ಆದರೆ ಗಡಿನಾಡಿನವರಾದ ನಮಗೆ ಇದರಲ್ಲೇ ಎರಡು ಮೂರು ಕಡೆ ಕಾಲು ಸಿಕ್ಕಿಹಾಕಿಕೊಳ್ಳುತ್ತದೆ.

ಒಂದು, ಮದುವೆ ಸರ್ಟಿಫಿಕೇಟ್. ನಮ್ಮಲ್ಲಿ ಎಷ್ಟೋ ಜನರ ಮದುವೆ ಪುತ್ತೂರಿನಲ್ಲೋ ಸುಳ್ಯದಲ್ಲೋ ಹಾಲ್ ಮಾಡಿ ಆಗಿರುತ್ತದೆ, ಸಂಸಾರ ಕೇರಳದಲ್ಲಿ. ಹನ್ನೆರಡು ವರ್ಷ ಆದರೂ ಅದನ್ನು ರಿಜಿಸ್ಟರ್ ಮಾಡಿಸಿರುವುದಿಲ್ಲ. ಕೇರಳದಲ್ಲಿ ಆದ ಮದುವೆಯಾದರೆ ಅದು ಆದ ಊರಿನ ಪಂಚಾಯತ್‌ನಲ್ಲಿ ಕೇಳಿ. ಆ ಕಡೆ ಆದದ್ದಾದರೆ ಕರ್ನಾಟಕದ ಉಪನೋಂದಣಿ ಕಚೇರಿಗೆ ಹೋಗಬೇಕು. ಅದಕ್ಕೆ ಲಗ್ನಪತ್ರಿಕೆ, ಫೋಟೋ, ಸಾಕ್ಷಿಗಳು ಬೇಕಾಗುತ್ತದೆ. ಹಳೆಯ ಆಲ್ಬಮ್ ಹುಡುಕಿಡಿ.

ಇನ್ನೊಂದು, ಹೆಸರು. ಆಧಾರ್‌ನಲ್ಲಿ ಮನೆ ಹೆಸರು ಸೇರಿಸಿ ಒಂದು, ಪಾನ್ ಕಾರ್ಡಿನಲ್ಲಿ ಇನಿಷಿಯಲ್ ಹಾಕಿ ಇನ್ನೊಂದು, ರೇಷನ್ ಕಾರ್ಡಿನಲ್ಲಿ ಮಲಯಾಳ ಉಚ್ಚಾರಕ್ಕೆ ತಕ್ಕಂತೆ ಮತ್ತೊಂದು. ನನ್ನ ಕೈಯಲ್ಲಿ ಬಂದ ಒಂದು ಫೈಲಿನಲ್ಲಿ ಒಬ್ಬರ ಹೆಸರೇ ನಾಲ್ಕು ತರಹ ಇತ್ತು. ಇಂಥದ್ದಕ್ಕೆ ವಿಲ್ಲೇಜ್ ಆಫೀಸಿನಿಂದ 'ಒನ್ ಆಂಡ್ ದಿ ಸೇಮ್' ಸರ್ಟಿಫಿಕೇಟ್ ಸಿಗುತ್ತದೆ. ಸರಕಾರಿ ಅರ್ಜಿಗಳನ್ನು ಆನ್‌ಲೈನ್‌ನಲ್ಲಿ ಹಾಕಿಕೊಡುವ ಅಕ್ಷಯ ಕೇಂದ್ರದಲ್ಲೇ ಅರ್ಜಿ ಹಾಕಬಹುದು. ಆದಾಯಕ್ಕೆ ನಿಮ್ಮದು ಸಂಬಳದ ಚೀಟಿ ಆಗುತ್ತದೆ. ತೋಟದ ಆದಾಯಕ್ಕೆ ಅದೇ ವಿಲ್ಲೇಜ್ ಆಫೀಸಿನ ಆದಾಯ ಪ್ರಮಾಣಪತ್ರ ಸಾಕು. ತುಂಬ ದುಡ್ಡು ಇರಬೇಕು, ಸ್ವಂತ ತಾರಸಿ ಮನೆ ಬೇಕು ಎಂದೆಲ್ಲ ಹೇಳುತ್ತಾರಲ್ವಾ, ಹಾಗೇನಿಲ್ಲ. ಒಂದು ಮಗುವನ್ನು ಸಾಕಿ ಓದಿಸುವಷ್ಟು ಇದ್ದರೆ ಆಯಿತು.

ಅಕ್ಷಯದ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಫಾರಂ ತುಂಬಲು ಅಲ್ಲಿಯವರ ಸಹಾಯ ಬೇಕಾದರೆ ತೆಗೆದುಕೊಳ್ಳಿ. ಆದರೆ ಫೋನ್ ನಂಬರ್, ಇ-ಮೇಲ್ ಮಾತ್ರ ನಿಮ್ಮದೇ ಆಗಿರಲಿ. ಕೆಲಸ ಬೇಗ ಆಗಲಿ ಎಂದು ಕೇಂದ್ರದವರದ್ದೇ ಮೇಲ್ ಹಾಕಿಬಿಡುವುದು ನಡೆಯುತ್ತದೆ. ಮೂರು ವರ್ಷ ಆದ ಮೇಲೆ ಮಗುವಿನ ಸುದ್ದಿ ಬರುವುದು ಅದೇ ನಂಬರಿಗೆ, ಅದೇ ಮೇಲ್‌ಗೆ. ಬಂದ ಮೇಲೆ ನಿಮಗಿರುವುದು 48 ಗಂಟೆ. ಅಷ್ಟರೊಳಗೆ ಮಗುವಿನ ಫೋಟೋ, ಅದರ ವಿವರ, ಆರೋಗ್ಯದ ವರದಿ ನೋಡಿ ಒಪ್ಪಿಗೆ ಹೇಳಬೇಕು. ತೋಟದ ಮನೆಗಳಲ್ಲಿ ರೇಂಜ್ ಸಿಗುವುದು ಅಂಗಳದ ಒಂದು ಮೂಲೆಯಲ್ಲಿ ಮಾತ್ರ. ಹಾಗಾಗಿ ದಿನಕ್ಕೊಂದು ಸಲ ಮೇಲ್ ನೋಡುವ ಅಭ್ಯಾಸ ಮಾಡಿಕೊಳ್ಳಿ. ಸಿಮ್ ಬದಲಿಸಿದರೆ ಪೋರ್ಟಲ್‌ನಲ್ಲೂ ಬದಲಿಸಿ. ಆ ವರದಿಯನ್ನು ನೋಡಿ ಹೇಳಲು ಒಬ್ಬ ಮಕ್ಕಳ ಡಾಕ್ಟರನ್ನು ಈಗಲೇ ಗೊತ್ತು ಮಾಡಿಡಿ. ಕಾಸರಗೋಡೋ ಮಂಗಳೂರೋ, ನಿಮಗೆ ಸಲಿಗೆ ಇರುವವರು. ರಾತ್ರಿ ವಾಟ್ಸಾಪ್‌ನಲ್ಲಿ ಕಳಿಸಿದರೂ ಬೆಳಗ್ಗೆ ನೋಡಿ ಉತ್ತರ ಹೇಳುವಂಥವರು ಬೇಕು.

ಭಾಷೆಯ ಬಗ್ಗೆ ಕೇಳಿದ್ದೀರಿ. ನೀವು ಮೊದಲು ಹೋಗಬೇಕಾದ್ದು ಕಾಸರಗೋಡು ವಿದ್ಯಾನಗರದ ಸಿವಿಲ್ ಸ್ಟೇಷನ್‌ಗೆ. ಅಲ್ಲಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಎಲ್ಲಿ ಎಂದು ಕೇಳಿ. ಅಲ್ಲಿ ಕನ್ನಡದಲ್ಲೇ ಮಾತಾಡಿ, ಕನ್ನಡದಲ್ಲೇ ಬರೆದು ಕೊಡಿ. ಸಂಕೋಚ ಬೇಡ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಪ್ರದೇಶದ ಸರಕಾರಿ ಕಚೇರಿಗಳ ಜೊತೆ ತಮ್ಮ ಭಾಷೆಯಲ್ಲೇ ವ್ಯವಹರಿಸುವ ಹಕ್ಕು ಕೊಟ್ಟಿದೆ. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಇದು ಹಟಕ್ಕೆ ಹೇಳುವ ಮಾತಲ್ಲ. ದತ್ತಿನ ವಿಷಯದಲ್ಲಿ ನಿಮ್ಮ ದುಃಖ, ನಿಮ್ಮ ಆಸೆ, ಗಂಡ ಹೆಂಡತಿಯ ನಡುವಿನ ಮಾತು ಎಲ್ಲ ಹೇಳಬೇಕಾಗುತ್ತದೆ. ಅದನ್ನು ಅರ್ಧಂಬರ್ಧ ಬರುವ ಭಾಷೆಯಲ್ಲಿ ಹೇಳಲು ಆಗುವುದಿಲ್ಲ.

ಅದು ಬರುವುದು ಮನೆಯ ಅಧ್ಯಯನದ ಹೊತ್ತಿಗೆ. ಕಾಗದ ಕೊಟ್ಟ ಅರವತ್ತು ದಿನದ ಒಳಗೆ ಸಮಾಜ ಕಾರ್ಯಕರ್ತರು ನಿಮ್ಮ ಮನೆಗೆ ಬಂದು ವರದಿ ಮಾಡಬೇಕು. ಜನ ಗೋಡೆಗೆ ಸುಣ್ಣ ಬಳಿಯುತ್ತಾರೆ, ಹೊಸ ಕರ್ಟನ್ ಹಾಕುತ್ತಾರೆ. ಬಂದವರು ನೋಡುವುದು ಅದನ್ನಲ್ಲ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಕೇಳಿಸಿಕೊಳ್ಳುತ್ತೀರಾ, ಹಟ ಮಾಡುವ ಮಗುವಿನ ಜೊತೆ ಏನು ಮಾಡುತ್ತೀರಿ, ನೀವು ಕೆಲಸಕ್ಕೆ ಹೋದಾಗ ಮಗುವನ್ನು ನೋಡುವವರು ಯಾರು, ಬಾವಿಗೆ ಕಟ್ಟೆ ಇದೆಯಾ, ಇಂಥದ್ದನ್ನು. ಐವಿಎಫ್ ಬಗ್ಗೆ ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳಿ. ಅಳು ಬಂದರೆ ಅಳಿ. ಅದಕ್ಕೆ ಮಾರ್ಕ್ ಕಡಿಮೆ ಮಾಡುವುದಿಲ್ಲ. ಈ ವರದಿ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಅಷ್ಟರಲ್ಲಿ ಸರದಿ ಬಾರದಿದ್ದರೆ ಹೊಸದಾಗಿ ಮಾಡಿಸಬೇಕು.

ಖರ್ಚು ಹೇಳಿಬಿಡುತ್ತೇನೆ. ಮನೆಯ ಅಧ್ಯಯನಕ್ಕೆ 6,000. ಮಗು ಬರುವಾಗ ಸಂಸ್ಥೆಯ ಮಕ್ಕಳ ಆರೈಕೆ ನಿಧಿಗೆ 50,000. ಮಗು ಬಂದ ಮೇಲೆ ಎರಡು ವರ್ಷ, ಆರು ತಿಂಗಳಿಗೊಮ್ಮೆ ನೋಡಲು ಬರುತ್ತಾರೆ, ಪ್ರತಿ ಸಲಕ್ಕೆ 2,000. ಒಟ್ಟು 64,000 ರೂಪಾಯಿ, ರಶೀದಿ ಸಮೇತ. ಇದಕ್ಕಿಂತ ಜಾಸ್ತಿ ಯಾರೇ ಕೇಳಿದರೂ ಕೊಡಬೇಡಿ.

ಒಪ್ಪಿಗೆ ಹೇಳಿದ ಮೇಲೆ ಮಗು ಇರುವ ಸಂಸ್ಥೆಗೆ ಹೋಗಿ ನೋಡುತ್ತೀರಿ, ಆಮೇಲೆ ಮಗುವನ್ನು ಮನೆಗೆ ಕರೆತರುತ್ತೀರಿ. ಆದೇಶ ಬರುವವರೆಗೆ ಅದು ನಿಮ್ಮ ಮಡಿಲಲ್ಲೇ ಇರುತ್ತದೆ. ಮೊದಲು ಇದಕ್ಕೆ ಕೋರ್ಟಿಗೆ ಹೋಗಬೇಕಿತ್ತು, ತುಂಬ ತಡ ಆಗುತ್ತಿತ್ತು. 2022ರ ಸೆಪ್ಟೆಂಬರ್‌ನಿಂದ ಜಿಲ್ಲಾ ಮ್ಯಾಜಿಸ್ಟ್ರೇಟ್, ಅಂದರೆ ಕಲೆಕ್ಟರ್ ಆದೇಶ ಕೊಡುತ್ತಾರೆ. ಎರಡು ತಿಂಗಳ ಒಳಗೆ ಮುಗಿಸಬೇಕು. ಆದೇಶದ ದಿನದಿಂದ ಮಗು ಎಲ್ಲ ರೀತಿಯಲ್ಲೂ ನಿಮ್ಮದೇ. ಆಸ್ತಿಯಲ್ಲಿ ಹಕ್ಕು ಸಮೇತ. ಜನನ ಪ್ರಮಾಣಪತ್ರದಲ್ಲಿ ಅಪ್ಪ ಅಮ್ಮ ಎಂದು ನಿಮ್ಮ ಹೆಸರು ಬರುತ್ತದೆ.

ಈ ಕಾನೂನಿಗೆ ಧರ್ಮದ ಬೇಲಿ ಇಲ್ಲ. ನಮ್ಮ ಮುಸ್ಲಿಂ, ಕ್ರೈಸ್ತ ಅಕ್ಕತಂಗಿಯರು 'ನಮಗೆ ದತ್ತು ಆಗುವುದಿಲ್ಲವಂತೆ' ಎಂದು ಈಗಲೂ ಹೇಳುತ್ತಾರೆ. ಬಾಲನ್ಯಾಯ ಕಾಯ್ದೆಯ ಪ್ರಕಾರ ಯಾವ ಧರ್ಮದವರಾದರೂ ದತ್ತು ತೆಗೆದುಕೊಳ್ಳಬಹುದೆಂದು 2014ರಲ್ಲೇ, ಇದರ ಹಿಂದಿನ ಬಾಲನ್ಯಾಯ ಕಾಯ್ದೆ ಇದ್ದಾಗಲೇ, ಸುಪ್ರೀಂ ಕೋರ್ಟ್ ಹೇಳಿದೆ. ಒಂಟಿ ಹೆಂಗಸೂ ತೆಗೆದುಕೊಳ್ಳಬಹುದು, ಮಗು ಗಂಡಾಗಲಿ ಹೆಣ್ಣಾಗಲಿ. ಒಂಟಿ ಗಂಡಸಿಗೆ ಮಾತ್ರ ಹೆಣ್ಣುಮಗು ಕೊಡುವುದಿಲ್ಲ.

ನೋಂದಣಿಯಲ್ಲಿ ಯಾವ ರಾಜ್ಯದ ಮಗು, ಎಷ್ಟು ವಯಸ್ಸಿನದು ಎಂದು ಆಯ್ಕೆ ಕೇಳುತ್ತಾರೆ. ಹೆಚ್ಚಿನವರು ಕಣ್ಣು ಮುಚ್ಚಿಕೊಂಡು ಎರಡು ವರ್ಷದ ಒಳಗಿನದು ಎಂದು ಹಾಕುತ್ತಾರೆ. ನಾಲ್ಕೈದು ವರ್ಷದ ಮಗುವಿನ ಬಗ್ಗೆ ಒಂದು ಸಂಜೆ ಕೂತು ಯೋಚಿಸಿ. ಕಾಯುವುದು ಕಡಿಮೆ ಆಗುತ್ತದೆ ಎಂದು ಹೇಳುತ್ತಿಲ್ಲ, ಅದೂ ಹೌದು ಅನ್ನಿ. ಅಷ್ಟು ದೊಡ್ಡ ಮಕ್ಕಳು, ಅಣ್ಣ ತಂಗಿ ಒಟ್ಟಿಗಿರುವವರು, ಕೇಳುವವರಿಲ್ಲದೆ ಉಳಿದುಬಿಡುತ್ತಾರೆ. ಭಾಷೆ ಬಾರದ ಮಗು ಹೇಗೆ ಹೊಂದಿಕೊಳ್ಳುತ್ತದೆ ಎಂಬ ಚಿಂತೆ ನಮ್ಮ ಊರಿಗೆ ಬೇಡ. ಸಪ್ತಭಾಷೆಯ ನೆಲ ಇದು. ಮನೆಯಲ್ಲಿ ಕನ್ನಡ, ತೋಟದಲ್ಲಿ ತುಳು, ಬಸ್ಸಿನಲ್ಲಿ ಮಲಯಾಳ, ಪಕ್ಕದ ಮನೆಯಲ್ಲಿ ಕೊಂಕಣಿಯೋ ಮರಾಠಿಯೋ. ಇಲ್ಲಿ ಹುಟ್ಟಿದ ಮಕ್ಕಳೇ ಹೀಗೆ ಕಲಿಯುತ್ತವೆ.

ವಿಶೇಷ ಅಗತ್ಯದ ಮಕ್ಕಳ ಪಟ್ಟಿಯೂ ಬೇರೆ ಇದೆ. ಅದರಲ್ಲಿ ಸೀಳು ತುಟಿಯಂತೆ ಆಪರೇಷನ್‌ನಲ್ಲಿ ಸರಿಹೋಗುವುದೂ ಇರುತ್ತದೆ, ಬದುಕಿನ ಉದ್ದಕ್ಕೂ ಕೈಹಿಡಿದು ನಡೆಸಬೇಕಾದ್ದೂ ಇರುತ್ತದೆ. ಎಂಡೋಸಲ್ಫಾನ್ ಎಂಬ ಕೀಟನಾಶಕದ ಮಳೆ ಬಿದ್ದು ಎಷ್ಟೋ ಮಕ್ಕಳು ನರಳಿದ ಊರಿನವರು ನಾವು. ಅಂಥ ಮಗುವನ್ನು ಸಾಕುವುದೆಂದರೆ ಏನು ಎಂದು ಮುಳ್ಳೇರಿಯದಲ್ಲಿ ಇರುವವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ನಿಮ್ಮ ಹತ್ತಿರದ ಬಡ್ಸ್ ಶಾಲೆಗೆ, ಅಂದರೆ ಅಂಥ ಮಕ್ಕಳ ಶಾಲೆಗೆ, ಹೋಗಿ ಅಲ್ಲಿಯ ತಾಯಂದಿರ ಜೊತೆ ಅರ್ಧ ದಿನ ಕಳೆಯಿರಿ. ಆಗುತ್ತದೆ ಅನ್ನಿಸಿದರೆ ಮುಂದೆ ಹೋಗಿ. ಬೇಗ ಸಿಗುತ್ತದೆಂದೋ ಪಾಪ ಅನ್ನಿಸಿತೆಂದೋ ಮಾತ್ರ ಹೂಂ ಅನ್ನಬೇಡಿ.

ಅತ್ತೆಯ ವಿಷಯಕ್ಕೆ ಬರುತ್ತೇನೆ. ಮೈದುನನ ಮಗುವನ್ನು ತೆಗೆದುಕೊಳ್ಳಲು ಕಾನೂನಿನಲ್ಲಿ ದಾರಿ ಇದೆ. ದೊಡ್ಡಪ್ಪ ದೊಡ್ಡಮ್ಮ ಸಂಬಂಧಿಕರ ಲೆಕ್ಕಕ್ಕೆ ಬರುತ್ತಾರೆ. ಹೆತ್ತವರ ಒಪ್ಪಿಗೆ ಬೇಕು, ಐದು ವರ್ಷ ದಾಟಿದ ಮಗುವಾದರೆ ಅದರ ಒಪ್ಪಿಗೆಯೂ ಬೇಕು, ಕಲೆಕ್ಟರರ ಆದೇಶವೂ ಬೇಕು. ಹಿಂದೂಗಳಿಗೆ 1956ರ ದತ್ತಕ ಕಾಯ್ದೆಯೂ ಇದೆ. ಆದರೆ ಮೊದಲು ಕೇಳಬೇಕಾದ್ದು ಆ ಮಗುವಿನ ಅಮ್ಮನನ್ನು. ಅವಳನ್ನು ಯಾರಾದರೂ ಕೇಳಿದ್ದಾರಾ? ಅಂಗಳದ ಆಚೆ ಬದಿ ಹೆತ್ತಮ್ಮ, ಈಚೆ ಬದಿ ನೀವು. ಮಗುವಿಗೆ ಗದರಿದ ದಿನ ಅದು ಅಂಗಳ ದಾಟುತ್ತದೆ. ನಾನು ಕಂಡ ಹಾಗೆ, ತಾಯಿ ತಾನಾಗಿ ಮುಂದೆ ಬಂದ ಮನೆಗಳಲ್ಲಿ ಇದು ನಡೆದಿದೆ. ಹಿರಿಯರು ತೀರ್ಮಾನ ಮಾಡಿದ ಮನೆಗಳಲ್ಲಿ ನೋವೇ ಜಾಸ್ತಿ.

'ಯಾರ ಮಗುವೋ ಏನೋ' ಅನ್ನುವುದರ ಒಳಗೆ ಇರುವುದು ಜಾತಿ. ಬಾಯಿಬಿಟ್ಟು ಕೇಳದಿದ್ದರೂ ಅದೇ. ಮಗುವಿನ ಜಾತಿ ಆಯ್ಕೆ ಮಾಡಲು ಪೋರ್ಟಲ್‌ನಲ್ಲಿ ಜಾಗ ಇಲ್ಲ, ಇರಲೂಬಾರದು. ಅತ್ತೆಗೆ ಇದನ್ನು ಈಗಲೇ, ಮೆಲ್ಲಗೆ, ಆದರೆ ನೇರವಾಗಿ ಹೇಳಬೇಕು. ಹೇಳಬೇಕಾದವರು ನೀವಲ್ಲ, ಅವರ ಮಗ. ಸೊಸೆ ಹೇಳಿದರೆ ಅದು ಜಗಳ ಆಗುತ್ತದೆ. ಜಾತಕ, ನಕ್ಷತ್ರದ ಪ್ರಶ್ನೆಯೂ ಬಂದೇ ಬರುತ್ತದೆ. ಸಿಕ್ಕಿದ ಮಗುವಿನ ಹುಟ್ಟಿದ ದಿನವನ್ನು ಡಾಕ್ಟರರು ಅಂದಾಜಿನಲ್ಲಿ ಹಾಕಿರುತ್ತಾರೆ. ಬದಿಯಡ್ಕದ ಕಡೆಯ ಒಂದು ಮನೆಯಲ್ಲಿ ಪೂಜೆಯ ಸಂಕಲ್ಪಕ್ಕೆ ನಕ್ಷತ್ರ ಕೇಳಿದಾಗ ಎಲ್ಲರೂ ಸುಮ್ಮನಾದರಂತೆ. ಆಗ ಅಜ್ಜಿಯೇ, ಮಗು ನಮ್ಮ ಹೊಸಿಲು ದಾಟಿದ ದಿನ ಯಾವ ನಕ್ಷತ್ರವೋ ಅದನ್ನೇ ಹೇಳಿ ಭಟ್ರೇ, ಅಂದರು. ಈಗಲೂ ಅದೇ ನಕ್ಷತ್ರ ನಡೆಯುತ್ತಿದೆ.

ಮಗುವಿಗೆ ವಿಷಯ ಹೇಳುವುದಾ ಬೇಡವಾ ಎಂದು ನೀವು ಕೇಳಲಿಲ್ಲ, ಆದರೆ ಹೇಳಲೇಬೇಕು. ಮಾತು ಬರುವ ಮೊದಲೇ, ಎಣ್ಣೆ ಹಚ್ಚುವಾಗ, ಜೋಗುಳದ ನಡುವೆ ಹೇಳಲು ಶುರು ಮಾಡಿ. ನಾವು ನಿನಗಾಗಿ ಎಷ್ಟು ದಿನ ಕಾದೆವು, ಯಾವ ರೈಲಿನಲ್ಲಿ ಹೋಗಿ ಕರೆದುಕೊಂಡು ಬಂದೆವು ಎಂದು. ನಾವು ತಾಳಮದ್ದಳೆ ಕೇಳಿ ಬೆಳೆದವರು. ಕರ್ಣನ ಪ್ರಸಂಗ ಎಷ್ಟು ಸಲ ಕೇಳಿಲ್ಲ! ಸಾಕಿದ ರಾಧೆಯ ಪ್ರೀತಿಗೆ ಅಲ್ಲಿ ಏನೂ ಕೊರತೆ ಇರಲಿಲ್ಲ. ಕರ್ಣನನ್ನು ಒಡೆದದ್ದು, ಹುಟ್ಟಿನ ಸುದ್ದಿ ಯುದ್ಧದ ಹೊಸ್ತಿಲಲ್ಲಿ, ಬೇರೆಯವರ ಬಾಯಿಂದ ಬಂದದ್ದು. ನಮ್ಮ ಊರುಗಳಲ್ಲಿ ಇಂಥ ಗುಟ್ಟು ಉಳಿಯುವುದಿಲ್ಲ. ಶಾಲೆಯ ಬಸ್ಸಿನಲ್ಲಿ ಯಾರೋ ಹೇಳಿಬಿಡುತ್ತಾರೆ. ಅದಕ್ಕಿಂತ ಮೊದಲು ನಿಮ್ಮ ಬಾಯಿಂದ ಗೊತ್ತಿದ್ದರೆ, ಬಸ್ಸಿನಲ್ಲಿ ಕೇಳಿದ ಮಾತು ಮಗುವಿಗೆ ಹಳೆಯ ಸುದ್ದಿ ಆಗಿರುತ್ತದೆ.

ಮಗು ಬಂದ ಮೊದಲ ತಿಂಗಳುಗಳ ಬಗ್ಗೆ ಯಾರೂ ನಿಮಗೆ ಹೇಳಿರುವುದಿಲ್ಲ. ನಾಲ್ಕು ವರ್ಷದ ಒಂದು ಹುಡುಗಿಯ ಮನೆಗೆ ನಾನು ಹೋಗಿ ಬರುತ್ತಿದ್ದೆ. ಬೇರೆ ರಾಜ್ಯದಿಂದ ಬಂದವಳು. ಒಂದು ಬೆಳಗ್ಗೆ ಅಮ್ಮನಿಗೆ ಹಾಸಿಗೆಯ ಪಕ್ಕ ಇರುವೆ ಸಾಲು ಕಂಡಿತು. ಅದರ ಹಿಂದೆ ಹೋದರೆ ದಿಂಬಿನ ಕವರಿನ ಒಳಗೆ ಅರ್ಧ ದೋಸೆ, ಬೆಲ್ಲದ ಚೂರು, ಕಪ್ಪಾದ ಕದಳಿ ಹಣ್ಣು. ಮನೆಯಲ್ಲಿ ತಿನ್ನಲು ಯಾವುದಕ್ಕೂ ಕಡಿಮೆ ಇರಲಿಲ್ಲ. ಆದರೆ ನಾಳೆಯೂ ಸಿಗುತ್ತದೆ ಎಂಬ ನಂಬಿಕೆ ಆ ಮಗುವಿಗೆ ಇರಲಿಲ್ಲ. ಆ ತಾಯಿ ಬೈಯಲಿಲ್ಲ. ಒಂದು ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಬಿಸ್ಕತ್ತು, ಬಾಳೆಕಾಯಿ ಚಿಪ್ಸ್ ತುಂಬಿ, ಇದು ನಿನ್ನದೇ ಎಂದು ತಲೆಯ ಹತ್ತಿರ ಇಟ್ಟರು. ರಾತ್ರಿ ಎರಡು ಮೂರು ಸಲ ಮುಚ್ಚಳ ತೆಗೆಯುವ ಸದ್ದು ಕೇಳುತ್ತಿತ್ತಂತೆ. ಬೆಳಗ್ಗೆ ಎದ್ದು ಮತ್ತೆ ತುಂಬುತ್ತಿದ್ದರು. ಐದಾರು ತಿಂಗಳಾದ ಮೇಲೆ ಒಂದು ದಿನ ನೋಡಿದರೆ ಚಿಪ್ಸ್ ಮೆತ್ತಗಾಗಿತ್ತು. ಮಗು ಡಬ್ಬಿ ತೆಗೆದೇ ಎಷ್ಟೋ ದಿನ ಆಗಿತ್ತು.

ನಿಮಗೂ ಆ ದಿನಗಳಲ್ಲಿ ಕಷ್ಟ ಆಗಬಹುದು. ಇಷ್ಟು ವರ್ಷ ಕಾದು ಬಂದ ಮಗುವಿನ ಮೇಲೆ ಪ್ರೀತಿಯೇ ಉಕ್ಕುತ್ತಿಲ್ಲವಲ್ಲ ಎಂದು ಅತ್ತ ತಾಯಂದಿರು ತುಂಬ ಜನ ಇದ್ದಾರೆ. ನಿಮ್ಮಲ್ಲಿ ಏನೋ ತಪ್ಪಿದೆ ಎಂದು ಅಂದುಕೊಳ್ಳಬೇಡಿ. ಉಣಿಸುತ್ತಾ, ಮೀಯಿಸುತ್ತಾ, ರಾತ್ರಿ ಎದ್ದು ಹೊದೆಸುತ್ತಾ ಅದು ಬರುತ್ತದೆ. ಮನಸ್ಸು ತೀರಾ ಕುಗ್ಗಿದರೆ 14416ಕ್ಕೆ ಫೋನ್ ಮಾಡಿ. ಅದು ಸರಕಾರದ ಟೆಲಿ ಮಾನಸ್, ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ. ಆ ಮೂರು ಐವಿಎಫ್‌ನ ದುಃಖಕ್ಕಾಗಿ ಈಗಲೂ ಮಾಡಬಹುದು. ಆ ಮೂರು ಸಲವೂ ನಿಮ್ಮ ಮಟ್ಟಿಗೆ ಒಂದೊಂದು ಮಗುವೇ ಅಲ್ವಾ? ಅದಕ್ಕಾಗಿ ಇಬ್ಬರೂ ಸೇರಿ ಒಮ್ಮೆ ಅತ್ತಿದ್ದೀರಾ? ಚಿಕಿತ್ಸೆಯನ್ನೂ ಮುಂದುವರಿಸಿ ದತ್ತಿಗೂ ಕಾಯುವ ಎಂದು ಹೇಳುವವರಿದ್ದಾರೆ. ನಾನು ಹಾಗೆ ಹೇಳುವುದಿಲ್ಲ. ಒಂದನ್ನು ಮುಗಿಸಿ ಇನ್ನೊಂದಕ್ಕೆ ಬನ್ನಿ.

ಕಾಯುವ ವರ್ಷಗಳಲ್ಲಿ ಮನೆಯಲ್ಲಿ ಮಗುವಿನ ಓಡಾಟ ಬೇಕೆನ್ನಿಸಿದರೆ, ಮಕ್ಕಳ ಮನೆಗಳಲ್ಲಿ ಇರುವ ಮಕ್ಕಳನ್ನು ಶಾಲೆಯ ರಜೆಯಲ್ಲಿ ಕರೆತಂದು ಇಟ್ಟುಕೊಳ್ಳುವ ಯೋಜನೆ ಕೇರಳದಲ್ಲಿದೆ. ಅದೇ ಮಕ್ಕಳ ರಕ್ಷಣಾ ಘಟಕದಲ್ಲಿ ಅರ್ಜಿ ತೆಗೆದುಕೊಳ್ಳುತ್ತಾರೆ. ಅದು ದತ್ತಿಗೆ ಒಳದಾರಿ ಅಲ್ಲ, ರಜೆ ಮುಗಿದ ಮೇಲೆ ಮಗು ಹೋಗುತ್ತದೆ. ಆ ಬೀಳ್ಕೊಡುಗೆ ತಡೆದುಕೊಳ್ಳುವ ಶಕ್ತಿ ಇದ್ದರೆ ಮಾತ್ರ ಮಾಡಿ.

ಜೊತೆಗೆ ಯಾರಿದ್ದಾರೆ ಎಂದು ನೀವು ಕೇಳಿದ ಹಾಗಿದೆ. ವಿದ್ಯಾನಗರಕ್ಕೆ ಹೋದಾಗ ಒಂದು ಮಾತು ಕೇಳಿ: ಈ ಜಿಲ್ಲೆಯಲ್ಲಿ ದತ್ತು ತೆಗೆದುಕೊಂಡವರಲ್ಲಿ ನಮ್ಮ ಜೊತೆ ಮಾತಾಡಲು ಒಪ್ಪುವವರು ಇದ್ದಾರಾ? ಹೆಸರು ಅವರು ತಾವಾಗಿ ಕೊಡುವ ಹಾಗಿಲ್ಲ, ಆದರೆ ಆ ಮನೆಯವರನ್ನು ಕೇಳಿ ಫೋನ್ ಮಾಡಿಸಬಹುದು. ಅಂಥ ಒಬ್ಬ ತಾಯಿ ನಿಮಗೆ ಸಿಕ್ಕರೆ ನನ್ನ ಈ ಉದ್ದದ ಉತ್ತರಕ್ಕಿಂತ ಅದು ದೊಡ್ಡದು. ಊರಿನಲ್ಲಿ ಅಂಗನವಾಡಿ ಟೀಚರಿಗೆ ಈಗಲೇ ಹೇಳಿಡಿ. ಮಗು ಬಂದ ದಿನದಿಂದ ದಿನವೂ ಉಪಕಾರಕ್ಕೆ ಬರುವವರು ಅವರೇ.

ಮತ್ತೆ, ಹೋಗುವಾಗ ಅತ್ತೆಯನ್ನೂ ಕರೆದುಕೊಂಡು ಹೋಗಿ. ಮುಳ್ಳೇರಿಯದಿಂದ ಬೆಳಗ್ಗಿನ ಬಸ್ ಹಿಡಿದರೆ ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು. ಅಲ್ಲಿ ನೀವು ಜಾಸ್ತಿ ಮಾತಾಡಬೇಡಿ. ಅವರ ಮನಸ್ಸಿನಲ್ಲಿ ಏನೇನು ಇದೆಯೋ ಅದನ್ನು ಅಲ್ಲಿಯ ಆಫೀಸರನ್ನು ಅವರೇ ಕೇಳಲಿ.